ಪ್ರಪಾತದ ಅಂಚಿನಲ್ಲಿ ಚಿಕ್ಕ ಮಕ್ಕಳು

ಚಿಕ್ಕ ಮಕ್ಕಳನ್ನು ಸಮುದ್ರದ ಮೇಲಣ ಕಡಿದಾದ ಗುಡ್ಡದ ಅಂಚಿನಲ್ಲಿ ನಡೆಸಿಕೊಂಡು ಹೋಗುವದು ತಂದೆತಾಯಿಗಳಿಗೆ ಯುಕ್ತವೋ ಅಯುಕ್ತವೋ? ಈ ಪ್ರಶ್ನೆಯನ್ನು ನಮ್ಮ ಪೂರ್ವಭಾಗದ ಹಳ್ಳಿಗಳಲ್ಲಿ ಹಿಂದೆ ಯಾರೂ ಕೇಳುತ್ತಿರಲಿಲ್ಲ. ಕೇಳುವ ಅವಶ್ಯವೂ ಇರಲಿಲ್ಲ. ಹಲಸೂರಿನ ಕೆರೆಯೂ ಕೃಷ್ಣರಾಜಪುರದ ಆಚೆಯ ರಾಗಿಹೊಲಗಳೂ ನಮ್ಮ ಮಕ್ಕಳ ಲೋಕವಾಗಿದ್ದವು. ಸಮುದ್ರವೆಂಬದು ಪಾಠಪುಸ್ತಕದೊಳಗಣ ಮಾತಾಗಿತ್ತು. ಈಗಲಾದರೋ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಓಡಾಟಕ್ಕೆ ತೆರೆದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಿಂದ ಮುರುಡೇಶ್ವರದ ತನಕ ರೈಲುಗಾಡಿ ಹೋಗುತ್ತದೆ. ದಂಡಿನವರೂ ಶಿವಾಜಿನಗರದವರೂ ಮಾತ್ರವಲ್ಲ, ಇಂದಿರಾನಗರದ ಮನೆಗಳಲ್ಲಿ ದುಡಿಯುವ ನಮ್ಮ ಸಹೋದರಿಯರು ಸಹ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ಒಂದು ರಾತ್ರಿಯ ಪ್ರಯಾಣ ಮಾಡಿ ಕರಾವಳಿಯನ್ನು ಕಂಡು ಬರುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಹಾಗೆ ಹೋಗಿ ಬಂದವರಲ್ಲಿ ಎರಡು ಪಕ್ಷಗಳಾಗಿವೆ. ಆ ವಾದವು ಹಳ್ಳಿಗಳ ಜಗಲಿಗಳ ವರೆಗೂ ಬಂದು ಮುಟ್ಟಿದೆ.

ಒಂದು ಪಕ್ಷದವರು, ಹತ್ತು ವರುಷ ತುಂಬದ ಮಗುವನ್ನು ಅಂಥ ದಾರಿಗೆ ಹತ್ತಿಸುವವನಿಗೆ ಬುದ್ಧಿಯಿಲ್ಲ ಅನ್ನುತ್ತಾರೆ. ಇನ್ನೊಂದು ಪಕ್ಷದವರು, ಮನೆಯೊಳಗೆ ಮುಚ್ಚಿಟ್ಟು ಬೆಳೆಸಿದ ಮಗುವು ದೊಡ್ಡದಾದ ಮೇಲೆ ಯಾವ ಕೆಲಸಕ್ಕೂ ಬಾರದು, ಕಾಯುವವನು ಮೇಲಿದ್ದಾನೆ ಅನ್ನುತ್ತಾರೆ. ಎರಡು ಪಕ್ಷದವರೂ ಮಕ್ಕಳ ಮೇಲಣ ಪ್ರೀತಿಯಿಂದಲೇ ಮಾತಾಡುತ್ತಾರೆಂಬದರಲ್ಲಿ ಸಂಶಯವಿಲ್ಲ. ಆದರೂ ಮಗುವಿನ ಕಣ್ಣಿಗೆ ಆ ಅಂಚು ಹೇಗೆ ಕಾಣುತ್ತದೆಂಬದನ್ನು ಇವರಾಗಲಿ ಅವರಾಗಲಿ ವಿಚಾರಿಸಿದ ಹಾಗೆ ನಮಗೆ ತೋಚುವದಿಲ್ಲ.

ಆ ದಾರಿಯನ್ನು ಕಾಣದವರಿಗೋಸ್ಕರ ಸ್ವಲ್ಪ ವಿವರಿಸುವೆವು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಗೋಕರ್ಣವೆಂಬ ಊರುಂಟಷ್ಟೆ. ಅದರ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಮರಳ ದಂಡೆಗಳು ಒಂದರ ಮುಂದೊಂದು ಇವೆ. ಒಂದು ದಂಡೆಗೂ ಮತ್ತೊಂದಕ್ಕೂ ನಡುವೆ ಗುಡ್ಡವು ಮೂಗಿನಂತೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಆ ಮೂಗನ್ನು ಹತ್ತಿ ಇಳಿದರೆ ಮುಂದಿನ ಮರಳು ಸಿಕ್ಕುವದು. ಓಂ ದಂಡೆಯಿಂದ ಹಾಫ್ ಮೂನ್ ದಂಡೆಗೆ ಹೋಗುವ ಕಾಲುದಾರಿಯು ಕೆಲವು ಕಡೆಗಳಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲವಾಗಿದೆ. ಎಡಗಡೆ ಗುಡ್ಡ, ಬಲಗಡೆ ಕೆಳಗೆ ನೀರು. ನೋಟವೇನೋ ಅತಿ ಮನೋಹರವಾದದ್ದು. ಬಯಲುಸೀಮೆಯ ಮಗುವು ಅಲ್ಲಿ ನಿಂತು, ನೀರಿಗೆ ಆಚೆಯ ದಡವೇ ಇಲ್ಲವೆಂಬದನ್ನು ಮೊದಲ ಸಾರಿ ಕಂಡು ಸುಮ್ಮನಾಗುವದನ್ನು ನೋಡಿದವರು, ಇಷ್ಟು ದೂರ ಕರೆತಂದದ್ದು ಸಾರ್ಥಕವಾಯಿತೆಂದು ಹೇಳದೆ ಇರಲಾರರು.

ಆದರೆ ಆ ನೆಲದ ಗುಣವನ್ನೂ ತಿಳಿಯಬೇಕು. ಗುಡ್ಡಗಳ ಮೇಲ್ಭಾಗದ ಕಲ್ಲು ಬಹಳ ಮಟ್ಟಿಗೆ ಮುರಕಲ್ಲು, ಜಂಬಿಟ್ಟಿಗೆಯೆಂದೂ ಕರೆಯುತ್ತಾರೆ. (1800ರಲ್ಲಿ ಮದ್ರಾಸಿನಿಂದ ಹೊರಟು ನಮ್ಮ ಬೆಂಗಳೂರಿನ ಮೇಲೆ ಹಾದು ಮಲಬಾರಿಗೂ ಕನ್ನಡ ಜಿಲ್ಲೆಗೂ ಹೋದ ಫ್ರಾನ್ಸಿಸ್ ಬುಕಾನನ್ ಎಂಬವನು, ಜನರು ಇದನ್ನು ಇಟ್ಟಿಗೆಯಂತೆ ಕಡಿದು ಗೋಡೆ ಕಟ್ಟುವದನ್ನು ಕಂಡು, ಲತೀನ ಭಾಷೆಯ ಇಟ್ಟಿಗೆಯ ಹೆಸರಿನಿಂದ ಇದಕ್ಕೆ ಲ್ಯಾಟರೈಟ್ ಎಂದು ಕರೆದನು, ಅವನ ಪುಸ್ತಕವು 1807ರಲ್ಲಿ ಅಚ್ಚಾಯಿತು.) ಈ ಕಲ್ಲು ಬಿಸಿಲು ಗಾಳಿಗಳಿಗೆ ಮೈಯೊಡ್ಡಿದ ಕಡೆ ಗಟ್ಟಿಯಾಗುವದು, ಅದರ ಅಡಿಯಲ್ಲಿ ಜೇಡಿಯಂಥ ಮೆತ್ತನೆಯ ಪದರವಿರುವದು. ಮಳೆನೀರೂ ತೆರೆಯೂ ಮೆತ್ತಗಿರುವದನ್ನು ಮೊದಲು ಕೊರೆಯುತ್ತವೆ. ಆಗ ಮೇಲಿನ ಗಟ್ಟಿ ಪದರವು ಮನೆಯ ಸೂರಿನಂತೆ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಅದರ ಮೇಲೆ ನಿಂತವನಿಗೆ ತನ್ನ ಕಾಲಡಿಯಲ್ಲಿ ಬರೀ ಗಾಳಿಯುಂಟೆಂದು ತಿಳಿಯುವದು ಹೇಗೆ? ಅದಲ್ಲದೆ ಈ ಕಲ್ಲು ಸಣ್ಣ ಸಣ್ಣ ಉಂಡೆಗಳಾಗಿ ಒಡೆದು ದಾರಿಯ ಮೇಲೆ ಹರಡಿಕೊಂಡಿರುವದು. ಕಣದಲ್ಲಿ ಚೆಲ್ಲಿದ ಹುರುಳಿಯ ಮೇಲೆ ಕಾಲಿಟ್ಟು ಜಾರಿದವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಮಳೆ ಬಿದ್ದ ತಿಂಗಳುಗಳಲ್ಲಿ ಪಾಚಿಯೂ ಹುಲ್ಲೂ ಬೆಳೆದು ಅಂಚೆಲ್ಲಿ ಮುಗಿಯಿತೆಂಬದನ್ನೇ ಮುಚ್ಚಿಬಿಡುತ್ತವೆ.

ಇಷ್ಟು ಕೇಳಿದ ಕೂಡಲೆ ಮೊದಲನೆಯ ಪಕ್ಷದವರು, ನಾವು ಹೇಳಿದ್ದೇ ಸರಿಯಾಯಿತು ಅನ್ನುವರು. ಅವರನ್ನು ನಾವು ಒಂದು ಮಾತು ಕೇಳುತ್ತೇವೆ. ನಿಮ್ಮ ಊರಿನಲ್ಲಿ ಅಂಚುಗಳಿಲ್ಲವೇ? ಕಟ್ಟೆ ಕುಸಿದ ಹಳೆಯ ಬಾವಿಯಿಲ್ಲವೇ? ಕಲ್ಲು ತೆಗೆದು ಕೈಬಿಟ್ಟು, ಈಗ ಹಸುರು ನೀರು ನಿಂತಿರುವ ಗಣಿಯ ಹೊಂಡವಿಲ್ಲವೇ? 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಸೀಮೆಯ ಹೊಲಗಳಲ್ಲಿ ಕೃಷಿಹೊಂಡಗಳಾಗಿವೆ. ಬೆಳೆಗೆ ಅವು ಬಹಳ ಉಪಕಾರವಾದವು. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯು ನೆನೆದರೆ, ಅದರೊಳಗೆ ಜಾರಿದ ಮಗುವಿಗೆ ಹಿಡಿದು ಮೇಲೆ ಬರುವದಕ್ಕೆ ಒಂದು ಹುಲ್ಲುಕಡ್ಡಿಯೂ ಸಿಕ್ಕದು. ಬೇಲಿಯಿಲ್ಲದ ಅಂಥ ಹೊಂಡದ ಬಳಿಯಲ್ಲಿ ಮೇಕೆ ಕಾಯುವದಕ್ಕೆ ಏಳು ವರುಷದ ಹುಡುಗನನ್ನು ಒಂಟಿಯಾಗಿ ಕಳುಹಿಸುವವರು, ಗೋಕರ್ಣದ ಗುಡ್ಡವೆಂದರೆ ಎದೆ ಹಿಡಿದುಕೊಳ್ಳುತ್ತಾರೆ. ದಿನಾಲು ಕಾಣುವ ಅಂಚು ನಮ್ಮ ಕಣ್ಣಿಗೆ ಅಂಚಾಗಿ ಉಳಿಯುವದಿಲ್ಲ. ಪ್ರಯಾಣ ಮಾಡಿ ಕಂಡದ್ದೇ ಅಂಚು.

ಮೋಶೆಯ ಧರ್ಮಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ಒಂದು ವಿಧಿಯುಂಟು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಮೋಟುಗೋಡೆಯನ್ನು ಕಟ್ಟಿಸತಕ್ಕದ್ದು. ಇಲ್ಲವಾದರೆ ಅಲ್ಲಿಂದ ಯಾವನಾದರೂ ಬಿದ್ದ ಪಕ್ಷಕ್ಕೆ ಆ ರಕ್ತದ ಹೊಣೆಯು ಮನೆಯ ಮೇಲೆ ಬರುವದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ತಿಳಿಸುತ್ತದೆ. ಮಾಳಿಗೆಗೆ ಹತ್ತಲೇಬಾರದೆಂದು ಅಲ್ಲಿ ಹೇಳಿಲ್ಲವೆಂಬದನ್ನು ಗಮನಿಸಿರಿ. ಆ ದೇಶದ ಜನರು ಸಂಜೆಯ ಗಾಳಿಗೂ ರಾತ್ರಿಯ ನಿದ್ರೆಗೂ ಮಾಳಿಗೆಗೆ ಹತ್ತುವವರೇ. ಹತ್ತುವರೆಂದು ತಿಳಿದೇ ವಿಧಿಯು ಗೋಡೆಯನ್ನು ಕೇಳುತ್ತದೆ. ಬೀಳುವವನ ಅಜಾಗ್ರತೆಯನ್ನು ಅದು ವಿಚಾರಿಸುವದಿಲ್ಲ. ಕರೆದು ಹತ್ತಿಸಿದವನನ್ನು ವಿಚಾರಿಸುತ್ತದೆ. ಗುಡ್ಡದ ದಾರಿಗಾದರೋ ಗೋಡೆಯಿಲ್ಲ, ನಾವು ಕಟ್ಟಿಸುವಂಥದೂ ಅಲ್ಲ. ಆದದರಿಂದ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗುವವನು ತಾನೇ ಗೋಡೆಯಾಗಿ ನಡೆಯಬೇಕಾಗುತ್ತದೆ. ಗೋಡೆಯು ಮೊಬೈಲು ನೋಡುವದಿಲ್ಲ, ಗೆಳೆಯನೊಡನೆ ಮಾತಾಡುತ್ತಾ ನಾಲ್ಕು ಹೆಜ್ಜೆ ಮುಂದೆ ಹೋಗುವದೂ ಇಲ್ಲ.

ಹಾಗಾದರೆ ಮಗುವಿಗೆ ತನ್ನದೇ ಆದ ಭಯವಿಲ್ಲವೋ? ಈ ವಿಷಯವನ್ನು ಪರೀಕ್ಷಿಸಿದವರಿದ್ದಾರೆ. ಅವರು ಕಂಡದ್ದು ನಮ್ಮ ವಿಚಾರಕ್ಕೆ ಬಹಳ ಬೇಕಾದದ್ದು. ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲಿನರ್ ಗಿಬ್ಸನ್ ಎಂಬ ವಿದುಷಿಯೂ ರಿಚರ್ಡ್ ವಾಕ್ ಎಂಬವನೂ ಒಂದು ದೊಡ್ಡ ಮೇಜನ್ನು ಮಾಡಿಸಿ ಮೇಲೆ ದಪ್ಪ ಗಾಜನ್ನು ಹಾಸಿದರು. ಒಂದು ಪಕ್ಕದಲ್ಲಿ ಗಾಜಿಗೆ ಅಂಟಿಕೊಂಡೇ ಚೌಕುಳಿಯ ಬಟ್ಟೆಯಿತ್ತು. ಇನ್ನೊಂದು ಪಕ್ಕದಲ್ಲಿ ಆ ಬಟ್ಟೆಯು ಬಹಳ ಕೆಳಗೆ ನೆಲದ ಮೇಲಿತ್ತು. ಆದಕಾರಣ ಅಲ್ಲಿ ಪ್ರಪಾತವಿದ್ದಂತೆ ಕಾಣುತ್ತಿತ್ತೇ ಹೊರತು ಬೀಳುವ ಅಪಾಯವಿರಲಿಲ್ಲ. ಅಂಬೆಗಾಲಿಡುವ 36 ಶಿಶುಗಳನ್ನು ನಡುವಣ ಹಲಗೆಯ ಮೇಲೆ ಕೂಡ್ರಿಸಿ, ತಾಯಂದಿರಿಂದ ಎರಡು ಕಡೆಗಳಿಂದಲೂ ಕರೆಸಿದರು. ಹಲಗೆಯನ್ನು ಬಿಟ್ಟು ಕದಲಿದವು 27. ಅವುಗಳಲ್ಲಿ ಮೂರು ಮಾತ್ರವೇ ಆಳದ ಕಡೆಗೆ ಹೋದವು. 1960ರಲ್ಲಿ ಇದು ಪ್ರಕಟವಾದಾಗ, ಮಗುವಿಗೆ ಆಳವು ತಾನಾಗಿಯೇ ತಿಳಿಯುವದೆಂದು ಅನೇಕರು ಸಮಾಧಾನಪಟ್ಟರು.

ಆ ಸಮಾಧಾನವು ಹೆಚ್ಚು ಕಾಲ ನಿಲ್ಲಲಿಲ್ಲ. ನ್ಯೂಯಾರ್ಕಿನ ಕ್ಯಾರೆನ್ ಅಡಾಲ್ಫ್ ಎಂಬಾಕೆ ಮುಂದೆ ತೋರಿಸಿದ್ದೇನಂದರೆ, ಅಂಬೆಗಾಲಿಡುತ್ತಿದ್ದಾಗ ಇಳಿಜಾರಿನ ಮುಂದೆ ಚೆನ್ನಾಗಿ ನಿಂತು ಯೋಚಿಸುತ್ತಿದ್ದ ಶಿಶುವು, ಎದ್ದು ನಡೆಯುವದಕ್ಕೆ ಕಲಿತ ಹೊಸದರಲ್ಲಿ ಅದೇ ಇಳಿಜಾರಿನಲ್ಲಿ ನೆಟ್ಟಗೆ ಹೆಜ್ಜೆಯಿಟ್ಟು ಉರುಳುತ್ತದೆ. ಕೈಮಂಡಿಗಳು ಕಲಿತ ಪಾಠವು ಕಾಲಿಗೆ ಬರುವದಿಲ್ಲ. ಕಾಲು ಅದನ್ನು ಮತ್ತೆ ಮೊದಲಿಂದ ಕಲಿಯಬೇಕು. ನಡೆಯುವದು ಬಂತು, ಇನ್ನು ಚಿಂತೆಯಿಲ್ಲ ಎಂದು ಹೇಳುವ ಅಜ್ಜಿಯರು ಇದನ್ನು ತಿಳಿದಿರುವದು ಒಳ್ಳೇದು.

ಆದರೆ ನಮ್ಮ ಮನಸ್ಸನ್ನು ಬಹಳವಾಗಿ ಮುಟ್ಟಿದ ಪರೀಕ್ಷೆಯು ಬೇರೊಂದುಂಟು. 1985ರಲ್ಲಿ ನಾಲ್ವರು ವಿದ್ವಾಂಸರು ಅದೇ ವಿಧವಾದ ಗಾಜಿನ ಮೇಜನ್ನು ಉಪಯೋಗಿಸಿ, ಆಳವನ್ನು ಸುಮಾರು ಒಂದು ಅಡಿಗೆ ಇಳಿಸಿದರು. ಪೂರಾ ಸಮವೂ ಅಲ್ಲ, ಮಗು ಹೆದರಿ ಹಿಂಜರಿಯುವಷ್ಟು ಆಳವೂ ಅಲ್ಲ, ಏನೆಂದು ತೋಚದಂಥದು. ಒಂದು ವರುಷದ ಶಿಶುಗಳು ಅಂಚಿನ ತನಕ ಬಂದು, ಕೆಳಗೆ ನೋಡಿ, ತಲೆಯೆತ್ತಿ ಎದುರಿಗಿದ್ದ ತಾಯಿಯ ಮುಖವನ್ನು ನೋಡಿದವು. ತಾಯಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮೊದಲೇ ಹೇಳಿಕೊಟ್ಟಿದ್ದಂತೆ ಮುಖವನ್ನು ಮಾತ್ರ ಮಾಡಿದಳು. ನಗುಮುಖವನ್ನು ಕಂಡ 19 ಶಿಶುಗಳಲ್ಲಿ 14 ಆ ಗಾಜನ್ನು ದಾಟಿ ಬಂದವು. ಹೆದರಿದ ಮುಖವನ್ನು ಕಂಡ 17ರಲ್ಲಿ ಒಂದಾದರೂ ದಾಟಲಿಲ್ಲ.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಆ 14 ಶಿಶುಗಳಿಗೆ ಗಾಜಿನ ಬಲವು ಗೊತ್ತಿರಲಿಲ್ಲ. ಅವು ನಡೆದದ್ದು ತಾಯಿಯ ಮುಖದ ಮೇಲೆಯೇ. ಗುಡ್ಡದ ಕಾಲುದಾರಿಯೂ ಬಹುಪಾಲು ಆ ಒಂದು ಅಡಿಯ ಆಳದಂಥದೇ. ಬಾವಿಯಂತೆ ಬಾಯ್ದೆರೆದು ಹೆದರಿಸುವದಿಲ್ಲ, ಮೆಲ್ಲಮೆಲ್ಲಗೆ ಓರೆಯಾಗುತ್ತಾ ಹುಲ್ಲಿನೊಳಗೆ ಮುಗಿದುಹೋಗುತ್ತದೆ. ಅಂಥ ಕಡೆ ಮೂರು ನಾಲ್ಕು ವರುಷದ ಮಗುವೂ ತಲೆಯೆತ್ತಿ ನಮ್ಮನ್ನು ನೋಡುತ್ತದೆ. ಆದಕಾರಣ ಇಡೀ ಪ್ರಶ್ನೆಯು ಧೈರ್ಯದ ಪ್ರಶ್ನೆಯೆಂದು ಎರಡು ಪಕ್ಷದವರೂ ಎಣಿಸಿಕೊಂಡಿದ್ದರೂ, ನಮ್ಮ ಅಭಿಪ್ರಾಯದಲ್ಲಿ ಅದು ಮೊದಲು ಸತ್ಯದ ಪ್ರಶ್ನೆಯಾಗಿದೆ. ನಮ್ಮ ಮುಖವು ಆ ನೆಲದ ವಿಷಯವಾಗಿ ನಿಜವನ್ನು ಹೇಳುತ್ತದೋ ಇಲ್ಲವೋ?

ಈಗಿನ ಕಾಲದಲ್ಲಿ ಅಂಚಿನ ಮೇಲೆ ನಾವು ಮಾಡುವ ಮೊದಲನೆಯ ಕೆಲಸ ಯಾವದು? ಸಮುದ್ರಕ್ಕೆ ಬೆನ್ನು ಮಾಡಿ, ಮಗುವನ್ನು ಮುಂದೆ ನಿಲ್ಲಿಸಿ, ಸೆಲ್ಫಿಗಾಗಿ ನಗುವದು. ಆ ನಗುವು ಬೆಂಗಳೂರಿನಲ್ಲಿರುವ ನಂಟರಿಗೆ. ಆದರೆ ಅದನ್ನು ಮೊದಲು ಓದುವದು ಪಕ್ಕದಲ್ಲಿರುವ ಮಗು. ಇದು ನಗುವ ಸ್ಥಳ, ಬೆನ್ನು ತಿರುಗಿಸತಕ್ಕ ಸ್ಥಳ ಎಂದು ಅದು ಕಲಿಯುತ್ತದೆ. ನಾವು ಚಿತ್ರವನ್ನು ನೋಡುತ್ತಾ ನಿಂತಿರುವಾಗ, ಕಲಿತದ್ದನ್ನು ಅದು ಮಾಡಿ ನೋಡುತ್ತದೆ.

ಇನ್ನೊಂದು ವಿಧವಾದ ಸುಳ್ಳುಮುಖವೂ ಉಂಟು; ಅದು ನಮ್ಮ ಹಳ್ಳಿಗಳಲ್ಲಿ ಹೆಚ್ಚು. ಅನ್ನ ಉಣ್ಣದಿದ್ದರೆ ಗುಮ್ಮ ಬರುವನು, ಬಾಗಿಲು ದಾಟಿದರೆ ಪೊಲೀಸಿನವನು ಹಿಡಿಯುವನು, ಹಿತ್ತಲಿಗೆ ಹೋದರೆ ಹುಲಿ ತಿನ್ನುವದು. ಐದು ವರುಷದೊಳಗೆ ಮಗುವು ಈ ಭಯಗಳೆಲ್ಲಾ ಬುರುಡೆಯೆಂದು ಕಂಡುಹಿಡಿಯುತ್ತದೆ, ಬಾಯಿಬಿಟ್ಟು ಹೇಳುವದಿಲ್ಲ ಅಷ್ಟೆ. ಆಮೇಲೆ ಒಂದು ದಿನ ಗುಡ್ಡದ ಮೇಲೆ, ಅಲ್ಲಿಗೆ ಹೋಗಬೇಡ, ಬೀಳುತ್ತೀ ಎಂದು ನಾವು ಕೂಗಿದರೆ, ಆ ಕೂಗು ಗುಮ್ಮನ ಪಂಕ್ತಿಯಲ್ಲಿಯೇ ಕೂತುಕೊಳ್ಳುತ್ತದೆ. ಸುಳ್ಳು ಭಯವನ್ನು ದಿನಾಲು ಸಾಲವಾಗಿ ಕೊಟ್ಟವನಿಗೆ ನಿಜವಾದ ಭಯವನ್ನು ಕೊಡಬೇಕಾದ ದಿವಸದಲ್ಲಿ ಕೈಯಲ್ಲಿ ಏನೂ ಇರುವದಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳುವದು ಕ್ಷೇಮವೆನ್ನುವವರಿಗೆ ನೋವಿನ ಒಂದು ಸಂಗತಿಯನ್ನು ಜ್ಞಾಪಕಪಡಿಸುತ್ತೇವೆ. 2024ನೇ ಇಸವಿ ದಶಂಬರ್ 10ರಂದು, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಸಮುದ್ರದಲ್ಲಿ ತೀರಿಹೋದರು. ಹಲಸೂರಿನಿಂದ ಕೃಷ್ಣರಾಜಪುರ, ಹೊಸಕೋಟೆಗಳ ಮೇಲೆ ಹೋಗುವ ಹಳೇ ಮದ್ರಾಸು ರಸ್ತೆಯಲ್ಲಿ ಮುಂದೆ ನಡೆದರೆ ಸಿಕ್ಕುವ ಊರು ಅದು. ನಮ್ಮ ನೆರೆಯವರ ಮಕ್ಕಳು. ಅವರ ಹೆತ್ತವರ ದುಃಖದ ಮೇಲೆ ಪಾಠ ಕಟ್ಟುವದಕ್ಕೆ ನಮಗೆ ಮನಸ್ಸಿಲ್ಲ. ಇಷ್ಟು ಮಾತ್ರ ಹೇಳಬಹುದು: ಅವರು ಚಿಕ್ಕ ಕೂಸುಗಳಾಗಿರಲಿಲ್ಲ, ಶಾಲೆಯಲ್ಲಿ ಓದುವ ಹುಡುಗಿಯರು, ಆದರೆ ಕೆರೆಯ ಸೀಮೆಯಲ್ಲಿ ಹುಟ್ಟಿದವರಿಗೆ ಸಮುದ್ರದ ತೆರೆಯು ಹಿಂದಕ್ಕೆ ಎಳೆಯುವ ರೀತಿಯು ವಯಸ್ಸಿನಿಂದ ತಿಳಿದುಬರುವದಿಲ್ಲ. ಕೆರೆಯ ನೀರು ನಿಂತಲ್ಲೇ ನಿಲ್ಲುವದು. ಸಮುದ್ರದ ನೀರು ಬಂದು ಕರೆದುಕೊಂಡು ಹೋಗುವದು. ತಿಳಿದವರು ಕೈಹಿಡಿದು ತೋರಿಸಿದರೆ ಹೊರತು, ದೂರವಿಟ್ಟದ್ದರಿಂದ ಯಾರೂ ಅದನ್ನು ಕಲಿಯಲಾರರು. ಚಿಕ್ಕಂದಿನಲ್ಲಿ ಬಿಗಿಯಾದ ಕೈಯೊಂದನ್ನು ಹಿಡಿದು ಅಂಚನ್ನು ಕಂಡ ಮಗುವು, ಹದಿನಾರು ವರುಷಕ್ಕೆ ಗೆಳೆಯರೊಡನೆ ಒಂಟಿಯಾಗಿ ಅಲ್ಲಿಗೆ ಬಂದಾಗ ಆ ಕೈಯ ಬಿಗಿಯನ್ನು ಮರೆತಿರಲಾರದೆಂದು ನಾವು ನೆನಸುತ್ತೇವೆ. ಆದದರಿಂದ ಕರೆದುಕೊಂಡು ಹೋಗುವದೇ ತಪ್ಪೆಂದು ನಾವು ಹೇಳುವದಿಲ್ಲ.

ಇನ್ನು ಎರಡನೆಯ ಪಕ್ಷದವರಿಗೆ. ದೊಡ್ಡವನು ತನ್ನ ಪ್ರಾಣವನ್ನು ಅಂಚಿನ ಮೇಲಿಟ್ಟರೆ ಅದು ಅವನ ವಿವೇಕಕ್ಕೆ ಬಿಟ್ಟದ್ದೆಂದು ಹೇಳುವರು. ಅದು ಕೂಡ ಅರ್ಧ ಮಾತೇ. 2022ನೇ ಇಸವಿ ಫೆಬ್ರವರಿ 20ರಂದು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಸುಮಾರು 300 ಅಡಿ ಜಾರಿ ಬಂಡೆಯಲ್ಲಿ ಸಿಕ್ಕಿಕೊಂಡ ಯೌವನಸ್ಥನೊಬ್ಬನನ್ನು ಎತ್ತುವದಕ್ಕೆ ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರು ಬರಬೇಕಾಯಿತು. ಪ್ರಾಣವೇನೋ ಉಳಿಯಿತು, ಆದರೆ ಹಗ್ಗ ಹಿಡಿದು ಇಳಿದವನೂ ಒಬ್ಬ ತಾಯಿಯ ಮಗನೇ. ಅದು ಹೇಗಾದರೂ ಇರಲಿ, ಎಳೇ ಮಗುವು ಅಪಾಯವನ್ನು ತೂಗಿ ನೋಡಿ ಒಪ್ಪಿಕೊಂಡು ಬಂದದ್ದಲ್ಲ. ನಮ್ಮ ಧೈರ್ಯದ ವೆಚ್ಚವನ್ನು ಅದರ ಲೆಕ್ಕಕ್ಕೆ ಬರೆಯುವ ಅಧಿಕಾರ ನಮಗೆಲ್ಲಿಂದ ಬಂತು? ಕಾಯುವವನು ಮೇಲಿದ್ದಾನೆಂಬದು ನಿಜವೇ. ಆದರೆ ಆ ಮಾತನ್ನು ಅಂಚಿಗೆ ಹೆಜ್ಜೆಯಿಡುವದಕ್ಕೆ ಕಾರಣವಾಗಿ ಉಪಯೋಗಿಸಿದವನು ಯಾರೆಂಬದೂ, ದೇವಾಲಯದ ಶಿಖರದ ಮೇಲೆ ಅವನಿಗೆ ದೊರೆತ ಉತ್ತರವೇನೆಂಬದೂ ನಮ್ಮ ಓದುಗರಿಗೆ ಗೊತ್ತುಂಟು.

ಹೋಗುವದಾದರೆ ಹೇಗೆ ಹೋಗಬೇಕು? ಯಾಕೋಬನು ಅಣ್ಣನಾದ ಏಸಾವನನ್ನು ಕಂಡು ಕೂಡಿಕೊಂಡ ಮೇಲೆ, ಅಣ್ಣನು ಜೊತೆಯಾಗಿ ಹೋಗೋಣವೆಂದು ಕರೆದಾಗ, ತನ್ನ ಮಕ್ಕಳು ಎಳೆಯವರೆಂದೂ ಮರಿಗಳಿಗೆ ಹಾಲೂಡಿಸುವ ಮಂದೆಯು ತನ್ನೊಡನೆ ಇದೆಯೆಂದೂ ಹೇಳಿ, ಅಣ್ಣನನ್ನು ಮುಂದೆ ಕಳುಹಿಸಿ, ಮಕ್ಕಳ ನಡಿಗೆಗೆ ತಕ್ಕಂತೆ ಹಿಂದಿನಿಂದ ಮೆಲ್ಲಗೆ ಬಂದನು. ನಾನೂರು ಮಂದಿಯ ಮುಂದೆ ಹಾಗೆ ಹೇಳುವದಕ್ಕೆ ಅವನು ನಾಚಲಿಲ್ಲ. ನಮ್ಮವರು ನಾಲ್ಕು ಮಂದಿ ಸ್ನೇಹಿತರ ಮುಂದೆ ನಾಚುತ್ತಾರೆ. ದೊಡ್ಡವರಿಗೆ ಅರ್ಧ ತಾಸಿನ ದಾರಿಯಾದರೆ ಮಗುವಿಗೆ ಒಂದೂವರೆ ತಾಸು ಎಂದು ಎಣಿಸಿ, ಬಿಸಿಲೇರುವ ಮುಂಚೆ ಹೊರಡಬೇಕು. ಸೂರ್ಯಾಸ್ತಮಾನವನ್ನು ಗುಡ್ಡದ ಮೇಲೆ ನೋಡುವ ಆಶೆಯಿದ್ದರೆ, ಕತ್ತಲಲ್ಲಿ ಇಳಿಯುವದು ಯಾರೆಂಬದನ್ನೂ ನೋಡಬೇಕು. ಮುಂಗಾರು ಹಿಡಿದ ಮೇಲೆ, ಜೂನಿನಿಂದ ಸೆಪ್ಟೆಂಬರಿನ ತನಕ, ಮಕ್ಕಳೊಂದಿಗೆ ಆ ಮಾತೇ ಬೇಡ. ಮಗುವು ಗುಡ್ಡದ ಪಕ್ಕಕ್ಕೂ ದೊಡ್ಡವನು ನೀರಿನ ಪಕ್ಕಕ್ಕೂ ನಡೆಯಬೇಕು, ದಾರಿ ಕಿರಿದಾದ ಕಡೆ ಎತ್ತಿಕೊಳ್ಳಬೇಕು ಇಲ್ಲವೆ ಹಿಂದಿರುಗಬೇಕು. ಬೆರಳನ್ನು ಕೊಡದೆ ಮುಂಗೈಯನ್ನು ಹಿಡಿಯಬೇಕು. ಬೆರಳನ್ನು ಮಗುವು ಹಿಡಿಯುತ್ತದೆ, ಮುಂಗೈಯನ್ನು ನಾವು ಹಿಡಿಯುತ್ತೇವೆ. ಹವಾಯಿ ಚಪ್ಪಲಿಯು ಆ ಉರುಳುಗಲ್ಲುಗಳಿಗೆ ಸರಿಯಲ್ಲ.

ಎರಡು ಕೈ, ನಾಲ್ಕು ಮಕ್ಕಳು ಇರುವ ಮನೆಯವರು ಏನು ಮಾಡಬೇಕು? ಇಂಥವರು ನಮ್ಮಲ್ಲಿ ಬಹಳ ಮಂದಿ. ಕೈಗೊಂದು ಮಗುವಿಗಿಂತ ಹೆಚ್ಚು ಆ ದಾರಿಗೆ ಹೋಗಬಾರದು. ಉಳಿದವರು ಸರದಿಗಾಗಿ ಕೆಳಗೆ ಕಾದಿರಲಿ. ಇಲ್ಲಿ ಒಂದು ಮಾತು ಹೇಳದೆ ಬಿಡಲಾರೆವು. ಹಾಗೆ ಕೆಳಗೆ ಉಳಿಯುವವಳು ಯಾವಾಗಲೂ ತಾಯಿಯೇ ಆಗಿರುತ್ತಾಳೆ. ವರುಷವೆಲ್ಲಾ ಒಲೆಯ ಮುಂದೆ ಕೂತವಳು ಸಮುದ್ರಕ್ಕೆ ಬಂದೂ ಬುತ್ತಿಯ ಚೀಲವನ್ನು ಕಾಯುತ್ತಾಳೆ. ಗಂಡನು ಚಿಕ್ಕಪ್ಪಂದಿರೊಡನೆ ಗುಡ್ಡ ಹತ್ತಿ ಬಂದು ನೋಟವನ್ನು ವರ್ಣಿಸುತ್ತಾನೆ. ಒಂದು ಸಾರಿ ತಂದೆಯು ಚೀಲವನ್ನೂ ಕೂಸನ್ನೂ ಇಟ್ಟುಕೊಂಡು ಕೂತರೆ ಅವನಿಗೆ ನಷ್ಟವೇನು?

ಮಗುವೇ ಬರಲೊಲ್ಲೆನೆಂದರೆ ಬಲವಂತ ಮಾಡಬೇಡಿರಿ. ಕೆಲವು ಮಕ್ಕಳು ದಾರಿಯ ಮೊದಲಿನಲ್ಲಿಯೇ ಕೂತುಬಿಡುವವು. ಪುಕ್ಕಲನೆಂದು ನಗುವದೂ, ಪಕ್ಕದ ಮನೆಯ ಹುಡುಗಿಯನ್ನು ತೋರಿಸಿ ಹೀಯಾಳಿಸುವದೂ ನಮ್ಮವರ ವಾಡಿಕೆ. ಆ ಮಗುವು ತನ್ನ ಕಾಲಿನ ಅಳತೆಯನ್ನು ನಮಗಿಂತ ಚೆನ್ನಾಗಿ ತಿಳಿದಿರಬಹುದು. ಅದರ ಜೊತೆಯಲ್ಲಿ ಒಬ್ಬರು ಹಿಂದೆ ಉಳಿದು, ತೆರೆಗೆ ದೂರವಾಗಿ ಮರಳಿನಲ್ಲಿ ಕೂತು, ಏಡಿಗಳು ಬಿಲಕ್ಕೆ ಓಡುವದನ್ನು ತೋರಿಸುತ್ತಿರಲಿ. ಹೋದವರು ಹಿಂದಿರುಗಿ ಬಂದು ತಾವು ಕಂಡದ್ದನ್ನು ಹೇಳಲಿ. ನೀನು ಕಳಕೊಂಡೆ ಎಂದು ಮಾತ್ರ ಹೇಳದೆ ಇರಲಿ. ಮುಂದಿನ ವರುಷ ಅದು ತಾನಾಗಿಯೇ ಕೇಳಿದರೆ, ಮುಂಗೈ ಹಿಡಿದು ಕರೆದುಕೊಂಡು ಹೋಗಿರಿ.